ಮಗಳಿಗೊಂದು ಪತ್ರ: ಆ ಮೂರನೇ ಲೇನಿನ ಬಗ್ಗೆ

ಪುಟ್ಟೀ,

ನಿನ್ನೆ ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟೆ. ನನ್ನ ದನಿ ಏರಿತ್ತು, ಅದಕ್ಕೆ ಬೇಜಾರಿದೆ. ಹೇಳಿದ ವಿಷಯಕ್ಕೆ ಮಾತ್ರ ಇಲ್ಲ. ಸೋಮವಾರ ಲ್ಯಾಬ್ ಮೀಟಿಂಗಿನಲ್ಲಿ ಎದ್ದು ನಿಂತು "ನಮ್ಮ ಸಂಯುಕ್ತ ಗೆಡ್ಡೆ ತಡೆಯುವ ಪ್ರೋಟೀನ್ ಪಿ53ಯನ್ನು, ಅದನ್ನು ಎಬ್ಬಿಸಲೆಂದೇ ಇರುವ ಮದ್ದು ನಟ್ಲಿನ್‌ಗಿಂತ ಜೋರಾಗಿ ಎಬ್ಬಿಸುತ್ತದೆ" ಅನ್ನುವ ಮೊದಲು ಇದನ್ನೊಮ್ಮೆ ಓದು, ಸಿಟ್ಟಿದ್ದರೂ ಓದು.

ಪ್ರೋಟೀನುಗಳನ್ನು ಬೇರ್ಪಡಿಸಿ ಬ್ಯಾಂಡುಗಳಾಗಿ ತೋರಿಸುವ ನಿನ್ನ ಬ್ಲಾಟ್ ಚೆನ್ನಾಗಿದೆ. ಹಿನ್ನೆಲೆ ಶುಭ್ರ, ಒಂದೊಂದು ಮಾದರಿ ಓಡಿದ ಲೇನುಗಳು ನೇರ. ಸೇರಿದ ಮೊದಲ ವರ್ಷಕ್ಕೇ ಇಂಥ ಕೈ ಬಂದಿರುವುದು ನನಗೆ ಹೆಮ್ಮೆ, ನಿನ್ನೆ ಅದನ್ನು ಹೇಳಲೇ ಇಲ್ಲ. ಆದರೆ ಮೊದಲ ಎರಡು ಲೇನು ಕರುಳಿನ ಕ್ಯಾನ್ಸರಿನ ಕೋಶ ಎಚ್‌ಸಿಟಿ116, ನಿನ್ನ ಸಂಯುಕ್ತ ಹಾಕಿದ ಮೂರನೆಯದು ಬೇರೆಯೇ ಜಾತಿಯ ಕೋಶ, 293ಟಿ. ಬೆಳೆಸುವುದು ಸುಲಭ, ಡಿಎನ್‌ಎ ಹಾಕಿದರೆ ಬೇಗ ತೆಗೆದುಕೊಳ್ಳುತ್ತದೆ, ಅದಕ್ಕೇ ಆರಿಸಿಕೊಂಡಿದ್ದೀಯ. ಅದರೊಳಗೆ ಎಸ್‌ವಿ40 ವೈರಸ್ಸಿನ ಲಾರ್ಜ್ ಟಿ ಆಂಟಿಜೆನ್ ಇದೆ. ಅದು ಪಿ53ಯನ್ನು ಹಿಡಿದುಕೊಂಡು ಡಿಎನ್‌ಎ ಹತ್ತಿರ ಹೋಗಗೊಡುವುದಿಲ್ಲ. ಹಾಗೆ ಹಿಡಿದಿಟ್ಟ ಪಿ53 ಒಡೆಯದೆ ರಾಶಿಯಾಗುತ್ತದೆ. ನಿನ್ನ ಸಂಯುಕ್ತವನ್ನು ಒಂದು ಹನಿಯೂ ಹಾಕದೆ ನೋಡು, ಆ ಬ್ಯಾಂಡ್ ಕಪ್ಪಗೇ ಇರುತ್ತದೆ. ಮದ್ದು ಕರಗಿಸುವ ದ್ರವ ಡಿಎಂಎಸ್‌ಒ ಒಂದನ್ನೇ ಹಾಕಿದ 293ಟಿ ಲೇನು ನಿನ್ನ ಜೆಲ್ಲಿನಲ್ಲಿ ಎಲ್ಲಿದೆ? ಇಲ್ಲ. ನನಗೆ ಭಯವಾದದ್ದು ಅಲ್ಲೇ.

ಬ್ಯಾಂಡ್ ಎಷ್ಟು ಕಪ್ಪು ಅನ್ನುವುದು ಪ್ರೋಟೀನ್ ಎಷ್ಟಿದೆ ಅಂತ ಮಾತ್ರ ಹೇಳುತ್ತದೆ, ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳುವುದಿಲ್ಲ. ಬೇರೆ ಪ್ರೋಟೀನುಗಳಲ್ಲಿ ಈ ವ್ಯತ್ಯಾಸವನ್ನು ಒಂದಿಷ್ಟು ಮರೆತರೂ ನಡೆದೀತು. ಪಿ53ಯಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅದು ತಾನು ಕೂತ ಕೊಂಬೆಯನ್ನು ತಾನೇ ಕಡಿಯುವ ಜಾತಿಯದು. ಕೆಲಸ ಶುರು ಮಾಡಿದ ಪಿ53 ಎಬ್ಬಿಸುವ ಜೀನುಗಳಲ್ಲಿ ಎಂಡಿಎಂ2 ಕೂಡ ಒಂದು. ಆ ಎಂಡಿಎಂ2 ಬಂದು ಪಿ53ಗೆ ಯುಬಿಕ್ವಿಟಿನ್ ಅನ್ನುವ ಗುರುತು ಅಂಟಿಸಿ, ಪ್ರೋಟೀನು ಒಡೆಯುವ ಪ್ರೋಟಿಯಾಸೋಮಿಗೆ ಕಳಿಸುತ್ತದೆ. ಒತ್ತಡವಿಲ್ಲದ ಜೀವಕೋಶದಲ್ಲಿ ಪಿ53ಯ ಅರ್ಧಾಯುಷ್ಯ ಸುಮಾರು 20 ನಿಮಿಷ. ಆರೋಗ್ಯವಾಗಿರುವ ಕಡೆ ಅದು ಮಸುಕಾಗಿಯೇ ಕಾಣಬೇಕು.

ಕೆಟ್ಟ ಪಿ53 ಇದಕ್ಕೆ ತಿರುಗುಮುರುಗು. ಆರ್175ಎಚ್ ಅನ್ನುವ ಮ್ಯುಟೇಷನ್ನಿನಲ್ಲಿ ಸತುವನ್ನು ಹಿಡಿಯುವ ಜಾಗದ ಮಡಿಕೆಯೇ ಸಡಿಲ. ಆರ್273ಎಚ್‌ನಲ್ಲಿ ಮಡಿಕೆ ಸರಿಯಿದ್ದರೂ ಡಿಎನ್‌ಎ ಮುಟ್ಟುವ ಬೆರಳೇ ಇಲ್ಲ. ಎರಡೂ ಗೆಡ್ಡೆಯ ಜೀವಕೋಶಗಳಲ್ಲಿ ದಟ್ಟವಾಗಿ ಕಾಣುತ್ತವೆ. ಎಂಡಿಎಂ2 ಬರಲಿಲ್ಲ, ಅದಕ್ಕೇ ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ಕಾರಣ ಅದಲ್ಲ: ಹುಟ್ಟಿನಿಂದಲೇ ಈ ಮ್ಯುಟೇಷನ್ ಇರುವ ಇಲಿಗಳ ಆರೋಗ್ಯಕರ ಅಂಗಾಂಶದಲ್ಲಿ ಮಟ್ಟ ಕಡಿಮೆಯೇ ಇರುತ್ತದೆ, ಗೆಡ್ಡೆಯಾದ ಮೇಲೆ ಏರುತ್ತದೆ. ಯಾರಾದರೂ ಕೇಳಿದರೆ ಇಷ್ಟನ್ನೂ ಹೇಳು.

1979ರಲ್ಲಿ ಈ ಪ್ರೋಟೀನ್ ಕಣ್ಣಿಗೆ ಬಿದ್ದದ್ದೇ ಲಾರ್ಜ್ ಟಿ ಜೊತೆ ಅಂಟಿಕೊಂಡು. ಆಮೇಲೆ ಹತ್ತು ವರ್ಷ ಅದನ್ನು ಕ್ಯಾನ್ಸರ್ ತರುವ ಪ್ರೋಟೀನ್ ಅಂತಲೇ ನಂಬಿದ್ದರು. ಕ್ಯಾನ್ಸರ್ ಕೋಶಗಳಲ್ಲಿ ಅಷ್ಟು ಹೆಚ್ಚಿದೆಯಲ್ಲ, ಕೈಗೆ ಸಿಕ್ಕ ಪಿ53 ಜೀನಿನ ಪ್ರತಿಗಳು, ಅಂದರೆ ಕ್ಲೋನುಗಳು, ಜೀವಕೋಶಗಳನ್ನು ಕೆಡಿಸುತ್ತಿವೆಯಲ್ಲ! ಆ ಕ್ಲೋನುಗಳಲ್ಲಿ ಮ್ಯುಟೇಷನ್ ಇತ್ತೆಂದು, ಸರಿಯಾದ ಪಿ53 ಗೆಡ್ಡೆಯನ್ನು ತಡೆಯುತ್ತದೆಂದು ಸ್ಪಷ್ಟವಾದದ್ದು 1989ರಲ್ಲಿ. ಅಷ್ಟು ಜನ ಜಾಣರು ಎಡವಿದ ಜಾಗ ಅದು. ನಿನ್ನ ಮೂರನೇ ಲೇನು ಅಲ್ಲೇ ಇದೆ, ಅದೇ ಲಾರ್ಜ್ ಟಿ ಸಮೇತ. ಮತ್ತೆ ಅದಕ್ಕೇ ಬಂದೆ, ಗೊತ್ತು.

ಇನ್ನೊಂದು. ಒಂದನೇ ಲೇನು ಖಾಲಿ ಅಂದೆಯಲ್ಲ, ಅದು ಖಾಲಿಯಲ್ಲ. 293ಟಿ ಪಕ್ಕದಲ್ಲಿದ್ದಾಗ ಚಿತ್ರ ತೆಗೆಯುವ ಯಂತ್ರ ಆ ಕಪ್ಪು ಬ್ಯಾಂಡಿಗೆ ತಕ್ಕಂತೆ ಎಕ್ಸ್‌ಪೋಷರ್ ಇಳಿಸುತ್ತದೆ, ಎಚ್‌ಸಿಟಿ116ನ ಸಹಜ ಪಿ53 ಅದರಲ್ಲಿ ಮುಳುಗಿಹೋಗುತ್ತದೆ.

ಈಗ ಮಾಡಬೇಕಾದದ್ದು. ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. 293ಟಿ ಬಿಡು. ಹೀಲಾ ಕೋಶಗಳ ಕಡೆಗೂ ಹೋಗಬೇಡ. ಅಲ್ಲಿ ಎಚ್‌ಪಿವಿ18 ವೈರಸ್ಸಿನ ಇ6 ಪ್ರೋಟೀನು ಪಿ53ಯನ್ನು ಒಡೆಸಿಹಾಕುತ್ತದೆ, ಜೀನ್ ಸರಿಯಿದ್ದರೂ ಬ್ಯಾಂಡ್ ಸಿಗುವುದು ಕಷ್ಟ. ಎಚ್‌ಸಿಟಿ116 ಮತ್ತು ಅದರದೇ ಪಿ53 ಇಲ್ಲದ ಜೋಡಿ, ಎರಡನ್ನೂ ಒಂದೇ ದಿನ, ಒಂದೇ ಸಾಂದ್ರತೆಯಲ್ಲಿ ಹಾಕು. ತಟ್ಟೆ ಕಿಕ್ಕಿರಿದರೆ ಆ ಒತ್ತಡಕ್ಕೇ ಪಿ53 ಏರಬಹುದು, ಆದ್ದರಿಂದ ಶೇ. 60–70 ತುಂಬಿದಾಗ ಮದ್ದು ಹಾಕು. ಎರಡಕ್ಕೂ ಬೇರೆಬೇರೆ ತಟ್ಟೆಗಳಲ್ಲಿ ಡಿಎಂಎಸ್‌ಒ, ನಟ್ಲಿನ್-3ಎ 10 ಮೈಕ್ರೋಮೋಲಾರ್, ನಿನ್ನ ಸಂಯುಕ್ತ. ಡಿಎಂಎಸ್‌ಒ ಪ್ರಮಾಣ ಎಲ್ಲದರಲ್ಲೂ ಒಂದೇ. ಡಬ್ಬಿಯ ಮೇಲೆ ನಟ್ಲಿನ್-3 ಅಂತಷ್ಟೇ ಇದೆಯೋ 3ಎ ಅಂತಿದೆಯೋ ನೋಡು. ಬರೀ 3 ಆದರೆ ಅದು ಎರಡು ರೂಪಗಳ ಮಿಶ್ರಣ, ಅರ್ಧ ಮಾತ್ರ ಕೆಲಸದ್ದು. ಮದ್ದು ಹಾಕಿ ಎಂಟು ಗಂಟೆಯಾದಾಗ ಒಂದು, 24 ಗಂಟೆಯಾದಾಗ ಒಂದು ಮಾದರಿ ತೆಗೆ.

ಕೋಶ ಒಡೆಯುವುದು ಐಸ್ ಮೇಲೆ, ಪ್ರೋಟಿಯೇಸ್ ತಡೆಯುವ ಮಿಶ್ರಣ ಅದೇ ಹೊತ್ತಿಗೆ ಬೆರೆಸಿ. ಲೇನಿಗೆ 25 ಮೈಕ್ರೋಗ್ರಾಂ. 4–20 ಗ್ರೇಡಿಯಂಟ್ ಜೆಲ್ ತಗೋ, ಎಂಡಿಎಂ2 ಸುಮಾರು 90 ಕಿಲೋಡಾಲ್ಟನ್ ಹತ್ತಿರ, ಪಿ53 ಎಬ್ಬಿಸುವ ಇನ್ನೊಂದು ಪ್ರೋಟೀನು ಪಿ21 ಕೆಳಗೆ 21ರ ಬಳಿ, ಎರಡೂ ಒಂದರಲ್ಲೇ ಸಿಗುತ್ತವೆ. ಮೆಂಬ್ರೇನ್ 0.2 ಮೈಕ್ರಾನಿನದು, 0.45ರದಾದರೆ ಪಿ21 ತೂರಿ ಹೋಗಿಬಿಡಬಹುದು, ಆಮೇಲೆ ಪಿ21 ಏರಲಿಲ್ಲ ಅಂತ ಅಳುತ್ತೀಯ. ಪಿ53 ಲೆಕ್ಕದಲ್ಲಿ 44 ಕಿಲೋಡಾಲ್ಟನ್ನಿನದಾದರೂ ಪ್ರೋಲಿನ್ ಹೆಚ್ಚಿರುವ ಭಾಗದ ದೆಸೆಯಿಂದ 53ರ ಬಳಿ ನಿಲ್ಲುತ್ತದೆ, ಗಾಬರಿ ಬೇಡ. ಆಂಟಿಬಾಡಿ ಡಿಒ-1 ಬ್ಲಾಟಿಗೆ ಸರಿ. ಎಂಡಿಎಂ2ವನ್ನು ಜೊತೆಗೇ ಎಳೆದು ತೆಗೆಯಲು ಮಾತ್ರ ಅದನ್ನು ಬಳಸಬೇಡ: ಅದು ಹಿಡಿಯುವುದು ಪಿ53ಯ 20ರಿಂದ 25ನೇ ಅಮೈನೋ ಆಮ್ಲ, ಎಂಡಿಎಂ2 ಕೂರುವುದೂ ಅಲ್ಲೇ.

ಪಿ53 ಏರಿ, ಜೊತೆಗೆ ಪಿ21, ಎಂಡಿಎಂ2 ಏರಿ, ಪಿ53 ಇಲ್ಲದ ಜೋಡಿಯಲ್ಲಿ ಅವೆರಡೂ ಏರದಿದ್ದರೆ ಆಗ ಸಕ್ರಿಯ ಅನ್ನು. ಕೊನೆಯದು ಬಿಡಬೇಡ, ಪಿ21 ಪಿ53ಯ ಹಂಗಿಲ್ಲದೆಯೂ ಏರುತ್ತದೆ. ಡಿಎನ್‌ಎಗೆ ಗಾಯವಾದಾಗ ಪಿ53ಯ ಸೀರಿನ್ 15ರ ಮೇಲೆ ಕೂರುವ ಫಾಸ್ಫೇಟ್ ಕಾಣಲಿಲ್ಲವೆಂದು ಸೋಲೊಪ್ಪಿಕೊಳ್ಳಬೇಡ. ನಟ್ಲಿನ್ ಡಿಎನ್‌ಎಗೆ ಗಾಯ ಮಾಡದೆಯೇ ಪಿ53ಯನ್ನು ಎಬ್ಬಿಸುತ್ತದೆ, ಆ ಗುರುತಿನ ಅಗತ್ಯವಿಲ್ಲ. ಅದು ಕಾಣಿಸಿಕೊಂಡರೇ ಯೋಚನೆ, ನಿನ್ನ ಸಂಯುಕ್ತ ಡಿಎನ್‌ಎಯನ್ನೇ ಕಡಿಯುತ್ತಿರಬಹುದು.

ಮತ್ತೆ ಪಾಠವಾಯಿತು. ಸಂಯುಕ್ತ ಕೆಲಸವೇ ಮಾಡುವುದಿಲ್ಲ ಅಂತ ನಾನು ಹೇಳಿಲ್ಲ; ಈ ಬ್ಲಾಟ್ ಆ ಪ್ರಶ್ನೆಯನ್ನು ಕೇಳಿಯೇ ಇಲ್ಲ, ಅಷ್ಟೆ. ಸೋಮವಾರ ತೋರಿಸಲೇಬೇಕಾದರೆ ಮೊದಲ ಎರಡು ಲೇನು ತೋರಿಸು, ಮೂರನೆಯದು 293ಟಿ ಅಂತ ನೀನೇ ಮೊದಲು ಹೇಳಿ, ಅದಕ್ಕೆ ಡಿಎಂಎಸ್‌ಒ ಲೇನಿಲ್ಲ ಅಂತಲೂ ಹೇಳು. ಯಾರೋ ಹಿಂದಿನ ಸಾಲಿನಿಂದ ಹೇಳುವುದು ಬೇಡ. ಹೊಸ ಬ್ಲಾಟಿನ ಮೂಲ ಚಿತ್ರ ಕಳಿಸು, ಕತ್ತರಿಸದೆ, ಕಾಂಟ್ರಾಸ್ಟ್ ಮುಟ್ಟದೆ, ಉದ್ದ ಮತ್ತು ಗಿಡ್ಡ ಎರಡೂ ಎಕ್ಸ್‌ಪೋಷರ್. ಫೋನ್ ಮಾಡಲು ಮನಸ್ಸಿಲ್ಲದಿದ್ದರೆ ಚಿತ್ರವಷ್ಟೇ ಬರಲಿ.

ಅಮ್ಮ