ಓಲೆಗರಿಯ ಕೋಣೆ ಸೋರುತ್ತಿದೆ, ಆರಾಧನೆಯೊಳಗೆ ಮಾಳಿಗೆ ಆಗಬೇಕು

ಆತ್ಮೀಯ ಭಕ್ತರೇ, ಹಳೆಯ ವಿದ್ಯಾರ್ಥಿಗಳೇ,

ಕಳೆದ ವಾರದ ಅಕಾಲಿಕ ಮಳೆಗೆ ಪಾಠಶಾಲೆಯ ಹಿಂದಿನ ಕೋಣೆ ಸೋರಿತು. ಓಲೆಗರಿಗಳ ಕಪಾಟು ಇರುವುದು ಅಲ್ಲೇ ಅಂತ ನಿಮಗೆ ಗೊತ್ತು. ಶಹಾಬಾದ್ ಫರಸಿಯ ಹಳೆಯ ಮಾಳಿಗೆ ಅದು, ಸಂದಿನ ಗಚ್ಚು ಉದುರಿದೆ. ಪ್ರತಿ ವರ್ಷ ಸಿಮೆಂಟ್ ಮೆತ್ತಿ ದಿನ ದೂಡುತ್ತಿದ್ದೆವು. ಈ ಸಲ ನೀರು ನೇರ ಕಪಾಟಿಗೇ ಇಳಿಯಿತು.

ಈಶ, ಕಠ ಉಪನಿಷತ್ತುಗಳ ಕಟ್ಟುಗಳು ನೆನೆದಿವೆ. ನೆನೆದ ಗರಿಯನ್ನು ಬಿಸಿಲಿಗೆ ಹಾಕುವ ಹಾಗಿಲ್ಲ, ಮುರುಟಿ ಸೀಳುತ್ತದೆ. ಹುಡುಗರು ಒಂದೊಂದೇ ಗರಿ ಬಿಡಿಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಹರಡಿದರು. ಆ ರಾತ್ರಿ ಊಟಕ್ಕೂ ಏಳಲಿಲ್ಲ. ಎಲ್ಲರೂ ಸೇಡಂ, ಚಿತ್ತಾಪುರ, ಯಾದಗಿರಿ ಕಡೆಯ ತೊಗರಿ ಬೆಳೆಯುವ ಮನೆಗಳ ಮಕ್ಕಳು. ಮಳೆ ಕೈಕೊಟ್ಟ ವರ್ಷ ಮನೆಯಿಂದ ಜೋಳದ ಚೀಲ ಬರುವುದೂ ಕಷ್ಟ. ಈಗ ತಾವು ಮಲಗುವ ಕೋಣೆಯನ್ನು ಗರಿಗಳಿಗೆ ಬಿಟ್ಟುಕೊಟ್ಟು ಪಡಸಾಲೆಯಲ್ಲಿ ಮಲಗುತ್ತಿದ್ದಾರೆ.

ಸುಮ್ನೆ ಹೊಗಳಿಕೊಳ್ಳುತ್ತಿಲ್ಲ. ಈಶಾವಾಸ್ಯದ 18 ಮಂತ್ರ, ಮಾಂಡೂಕ್ಯದ 12 ಮಂತ್ರ ನಮ್ಮಲ್ಲಿ ಚಿಕ್ಕ ಹುಡುಗರಿಗೂ ಬಾಯಿಪಾಠ. ದೊಡ್ಡವರು ತೈತ್ತಿರೀಯ ಮುಗಿಸಿ ಬೃಹದಾರಣ್ಯಕಕ್ಕೆ ಕೈ ಹಾಕಿದ್ದಾರೆ. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸ ಇದ್ದ ನಚಿಕೇತನ ಪಾಠ ಬಂದರಂತೂ ಇವರ ಪ್ರಶ್ನೆ ನಿಲ್ಲುವುದೇ ಇಲ್ಲ, ಗುರುಗಳೇ ಸುಸ್ತು. ಈ ಓದು ನಮ್ಮ ಸೀಮೆಗೆ ಹೊಸದೇನಲ್ಲ, ಅಲ್ವಾ? ಮಧ್ವಾಚಾರ್ಯರು ಹತ್ತು ಉಪನಿಷತ್ತುಗಳಿಗೆ ಭಾಷ್ಯ ಬರೆದರು. ಅದರಲ್ಲಿ ಈಶ ಮತ್ತು ಷಟ್‌ಪ್ರಶ್ನ ಭಾಷ್ಯಗಳಿಗೆ ಟೀಕೆ, ಅಂದರೆ ವಿವರಣೆ, ಬರೆದವರು ಜಯತೀರ್ಥರು, ಮಳಖೇಡದ ಕಾಗಿಣಾ ದಂಡೆಯಲ್ಲಿ ನಾವೆಲ್ಲ ಕೈಮುಗಿಯುವ ಟೀಕಾರಾಯರು. ಆ ಟೀಕೆಯ ಪ್ರತಿ ಬೇರೆ ಪೆಟ್ಟಿಗೆಯಲ್ಲಿತ್ತು, ರಾಯರ ದಯೆಯಿಂದ ಉಳಿಯಿತು.

ಇನ್ನು ಖರ್ಚಿನ ಮಾತು. ಫರಸಿ ತೆಗೆದು ಸ್ಲ್ಯಾಬ್ ಹಾಕಲು ನಾಲ್ಕೈದು ಲಕ್ಷ ಆಗುತ್ತದೆ ಅಂತ ಮೇಸ್ತ್ರಿ ಅಂದಾಜು ಕೊಟ್ಟಿದ್ದಾರೆ. ಕಬ್ಬಿಣದ ಕಪಾಟು, ಗರಿಗೆ ಹಚ್ಚುವ ಎಣ್ಣೆ, ಫೋಟೊ ತೆಗೆಸುವುದು ಎಲ್ಲ ಬೇರೆ. ಆಷಾಢ ಬಹುಳ ಪಂಚಮಿಗೆ ಟೀಕಾರಾಯರ ಆರಾಧನೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಸದ್ಯ ಮೇಲೆ ತಾಡಪತ್ರಿ ಹೊದಿಸಿದ್ದೇವೆ. ಜೋರು ಗಾಳಿ ಬಂದರೆ ಅದೂ ನಿಲ್ಲುವುದಿಲ್ಲ.

ಹಣ ಕೊಡಲು ಆಗದವರು ಸಿಮೆಂಟ್, ಕಬ್ಬಿಣ, ಮರಳು ಕೊಡಬಹುದು. ಒಬ್ಬ ಕೆಲಸಗಾರನ ಒಂದು ದಿನದ ಕೂಲಿ ಕೊಟ್ಟರೂ ಸರಿ. ಎಲ್ಲದಕ್ಕೂ ಪಾಠಶಾಲೆಯ ಕಚೇರಿಯಲ್ಲಿ ರಸೀದಿ ಸಿಗುತ್ತದೆ. ಕೆಲಸ ಶುರು ಮಾಡಲು ಮೇಸ್ತ್ರಿಗೆ ಮುಂಗಡ ಕೊಡಬೇಕಿದೆ, ಆದ್ದರಿಂದ ಕೊಡುವವರು ಈ ಅಮಾವಾಸ್ಯೆಯೊಳಗೇ ತಲುಪಿಸಿದರೆ ಉಪಕಾರ.

ಇಂತಿ,
ಟ್ರಸ್ಟಿಗಳು, ಕಲಬುರಗಿ