ಎಷ್ಟು ಎಂಎಂ ಅಂತ ಕೇಳ್ತೀರಿ, ಎಲ್ಲಿದೆ ಅಂತಾನೂ ಕೇಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟದಲ್ಲಿ ಮೆದುಳಿನ ಅನ್ಯೂರಿಸಂ (ರಕ್ತನಾಳದ ಗೋಡೆ ಒಂದು ಕಡೆ ಬಲೂನಿನ ಥರ ಊದ್ಕೊಳ್ಳೋದು, ಒಡೆದ್ರೆ ರಕ್ತಸ್ರಾವ) ಬಗ್ಗೆ ಬಂದಿದ್ದ ಲೇಖನ ಓದ್ದೆ. ಬರೆದಿರೋದು ಚೆನ್ನಾಗೇ ಇದೆ, ಆದ್ರೆ 7 ಎಂಎಂಗಿಂತ ಚಿಕ್ಕದಿದ್ರೆ ಚಿಂತೆ ಬೇಡ, ದೊಡ್ಡದಿದ್ರೆ ಅಪಾಯ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ, ಅದಕ್ಕೇ ಈ ಪತ್ರ.

ನಮ್ಮ ಅತ್ತಿಗೆಗೆ ಬೇರೆ ಏನಕ್ಕೋ ಎಂಆರ್‌ಐ ಮಾಡಿಸಿದಾಗ 8 ಎಂಎಂದು ಒಂದು ಸಿಕ್ತು. ರಿಪೋರ್ಟ್ ವಾಟ್ಸಾಪಲ್ಲಿ ಹಾಕಿದ್ದೇ ತಡ, ನೆಂಟರೆಲ್ಲ ಎಷ್ಟು ಎಂಎಂ, ಎಷ್ಟು ಎಂಎಂ ಅಂತ ಅದನ್ನೇ ಕೇಳಿದ್ರು, ಅದರ ಪಕ್ಕದಲ್ಲೇ ಕ್ಯಾವರ್ನಸ್ ಅಂತ ಬರೆದಿದ್ದನ್ನ ಒಬ್ರೂ ನೋಡ್ಲಿಲ್ಲ. ಡಾಕ್ಟ್ರು ಮಾತ್ರ ಮೊದಲು ಬೆರಳಿಟ್ಟಿದ್ದೇ ಆ ಪದದ ಮೇಲೆ. ಅದು ಕತ್ತಿನಿಂದ ಮೆದುಳಿಗೆ ರಕ್ತ ಒಯ್ಯೋ ಕೆರೋಟಿಡ್ ರಕ್ತನಾಳ ತಲೆಬುರುಡೆಯ ತಳದಲ್ಲಿ ಹಾದುಹೋಗೋ ಜಾಗ, ಮೆದುಳನ್ನ ಸುತ್ತಿರೋ ಗಟ್ಟಿ ಪೊರೆಯ ಆಚೆಗಿರುತ್ತೆ. ಅಲ್ಲಿ ಒಡೆದ್ರೂ ಸಾಮಾನ್ಯವಾಗಿ ರಕ್ತ ಮೆದುಳಿನ ಸುತ್ತ ಹರಡಲ್ಲ, ಪಕ್ಕದ ಸಿರೆಗೆ ಸೇರ್ಕೊಳ್ಳುತ್ತೆ, ಕಣ್ಣು ಕೆಂಪಾಗಿ ಊದ್ಕೊಳ್ಳೋದು, ಎರಡೆರಡು ಕಾಣೋದು ಇಂಥ ತೊಂದ್ರೆ ಬರುತ್ತೆ. ಅದೂ ಸಣ್ಣದೇನಲ್ಲ ಬಿಡಿ, ಆದ್ರೆ ಲೇಖನದಲ್ಲಿ ಹೆದರಿಸಿದ ಆ ಸಿಡಿಲು ಬಡಿದಂಥ ತಲೆನೋವಿನ ರಕ್ತಸ್ರಾವವೇ ಬೇರೆ.

ಈ 7 ಎಂಎಂ ಲೆಕ್ಕ ಮುಖ್ಯವಾಗಿ ಬಂದಿರೋದು 2003ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಂತರರಾಷ್ಟ್ರೀಯ ಅಧ್ಯಯನದಿಂದ. ಅದೇ ಅಧ್ಯಯನದಲ್ಲಿ ಜಾಗದ ಲೆಕ್ಕಾನೂ ಇದೆ, ಅದನ್ನ ಯಾಕೆ ಬಿಡ್ತಾರೋ ಗೊತ್ತಿಲ್ಲ. ಹಿಂದೆ ರಕ್ತಸ್ರಾವ ಆಗಿಲ್ಲದವರಲ್ಲಿ 7 ಎಂಎಂಗಿಂತ ಚಿಕ್ಕದು ಮುಂಭಾಗದ ರಕ್ತನಾಳದಲ್ಲಿದ್ರೆ 5 ವರ್ಷದಲ್ಲಿ ಒಡೆದಿದ್ದು ಶೂನ್ಯ, ಅಷ್ಟೇ ಗಾತ್ರದ್ದು ಹಿಂಭಾಗದಲ್ಲೋ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ (ಮುಂದಿನ-ಹಿಂದಿನ ನಾಳಗಳನ್ನ ಸೇರಿಸೋ) ರಕ್ತನಾಳದಲ್ಲೋ ಇದ್ರೆ ಶೇ 2.5. 7ರಿಂದ 12 ಎಂಎಂ ಆದ್ರೆ ಮುಂಭಾಗದಲ್ಲಿ ಶೇ 2.6, ಹಿಂಭಾಗದಲ್ಲಿ ಶೇ 14.5, ಕ್ಯಾವರ್ನಸ್ ಜಾಗದಲ್ಲಿ ಮತ್ತೆ ಶೂನ್ಯ! ಅಂದ್ರೆ ನಿಮ್ಮ ಸಾಲಿನ ಪ್ರಕಾರ ನಮ್ಮ ಅತ್ತಿಗೆ ನಿದ್ದೆಗೆಡಬೇಕು, ಪೋಸ್ಟೀರಿಯರ್ ಕಮ್ಯುನಿಕೇಟಿಂಗಲ್ಲಿ 6 ಎಂಎಂದು ಇರೋರು ಆರಾಮಾಗಿ ಫಾಲೋಅಪ್ ಮರೀಬಹುದು, ಇರಬೇಕಾದ್ದಕ್ಕೆ ಪೂರ್ತಿ ಉಲ್ಟಾ.

ಇನ್ನು ಮುಂಭಾಗ ಅಂದ್ರೆ ಎಲ್ಲಾ ಒಂದೇ ಅಂತಾನೂ ಅಲ್ಲ. 2012ರಲ್ಲಿ ಬಂದ ಜಪಾನಿನ ದೊಡ್ಡ ಅಧ್ಯಯನದಲ್ಲಿ, ಮಿಡಲ್ ಸೆರೆಬ್ರಲ್ (ಮೆದುಳಿನ ಪಕ್ಕದ ಭಾಗಕ್ಕೆ ಹೋಗೋ) ರಕ್ತನಾಳದಲ್ಲಿ ಇರೋದಕ್ಕಿಂತ ಆಂಟೀರಿಯರ್ ಕಮ್ಯುನಿಕೇಟಿಂಗಲ್ಲಿ ಇರೋದು ಒಡೆಯೋ ಸಾಧ್ಯತೆ ಸುಮಾರು ಎರಡು ಪಟ್ಟು ಅಂತ ಕಂಡುಬಂತು, ಪೋಸ್ಟೀರಿಯರ್ ಕಮ್ಯುನಿಕೇಟಿಂಗೂ ಹೆಚ್ಚುಕಮ್ಮಿ ಹಾಗೇ. ಆಂಟೀರಿಯರ್ ಕಮ್ಯುನಿಕೇಟಿಂಗ್ ಅನ್ನೋದು ಎಡ-ಬಲದ ನಾಳಗಳನ್ನ ಸೇರಿಸೋ ಪುಟ್ಟ ಸೇತುವೆ, ಕೆಲವರಿಗೆ ಒಂದು ಕಡೆ ನಾಳ ಹುಟ್ಟಿನಿಂದಲೇ ಸಣ್ಣಗಿರುತ್ತೆ, ಆಗ ಎರಡೂ ಕಡೆಗೆ ಬೇಕಾದ ರಕ್ತವೆಲ್ಲ ಇನ್ನೊಂದು ಕಡೆಯಿಂದಲೇ ನುಗ್ಗಿ ಆ ಕವಲಿನ ಗೋಡೆಗೆ ಹೊಡೀತಾ ಇರುತ್ತೆ. ಆಸ್ಪತ್ರೆಗೆ ಒಡೆದ ಸ್ಥಿತೀಲಿ ಬರೋ ಎಷ್ಟೋ ಅನ್ಯೂರಿಸಂಗಳು 7 ಎಂಎಂಗಿಂತ ಚಿಕ್ಕವೇ ಆಗಿರುತ್ತೆ, ಅದ್ರಲ್ಲಿ ಈ ಜಾಗದ್ದೂ ಸಾಕಷ್ಟು.

ಒಡೆಯೋ ಅಪಾಯ ಎಷ್ಟು ಅಂತ ಅಂದಾಜು ಮಾಡೋಕೆ ಡಾಕ್ಟ್ರುಗಳು ಬಳಸೋ ಫೇಸಸ್ (PHASES) ಸ್ಕೋರಲ್ಲಿ ಬಿಪಿ, ವಯಸ್ಸು, ಗಾತ್ರದ ಜೊತೆ ಜಾಗಕ್ಕೂ ಅಂಕ ಇದೆ, ಇಂಟರ್ನಲ್ ಕೆರೋಟಿಡ್‌ಗೆ (ಕೆರೋಟಿಡ್‌ನ ಮೆದುಳಿಗೆ ಹೋಗೋ ಕವಲು) 0, ಮಿಡಲ್ ಸೆರೆಬ್ರಲ್‌ಗೆ 2, ಆಂಟೀರಿಯರ್, ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಮತ್ತು ಹಿಂಭಾಗಕ್ಕೆ 4. ಸಿಗರೇಟು ಆ ಪಟ್ಟೀಲಿಲ್ಲ, ಹಾಗಂತ ಸೇದೋರು ಖುಷಿಪಡೋದು ಬೇಡ, ಅದು ಅಪಾಯ ಅನ್ನೋದು ಬೇರೆ ಕಡೆ ಸಾಬೀತಾಗಿದೆ.

ಇನ್ನೊಂದು ವಿಷ್ಯ ಖಂಡಿತ ಹಾಕ್ಬೇಕಿತ್ತು. ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಪಕ್ಕದಲ್ಲೇ ಕಣ್ಣಿನ ಮೂರನೇ ನರ ಹೋಗುತ್ತೆ, ಅನ್ಯೂರಿಸಂ ಊದಿ ಅದನ್ನ ಒತ್ತಿದ್ರೆ ಒಂದು ರೆಪ್ಪೆ ಜೋತುಬೀಳುತ್ತೆ, ಅದೇ ಕಣ್ಣಿನ ಪಾಪೆ ಅಗಲ ಆಗುತ್ತೆ. ತಲೆನೋವು ಇರ್ಲಿ ಬಿಡ್ಲಿ, ಅವತ್ತೇ ಎಮರ್ಜೆನ್ಸಿಗೆ ಓಡ್ಬೇಕು, ಕನ್ನಡಕ ಬದಲಾಯಿಸೋಕೆ ಹೋಗಿ ಟೈಮ್ ಕಳೀಬಾರ್ದು.

ದಯವಿಟ್ಟು ಒಬ್ಬ ನ್ಯೂರೋ ಸರ್ಜನ್ ಹತ್ರ ಜಾಗದ ಬಗ್ಗೆ ಬರೆಸಿ ಅದೇ ಪುಟದಲ್ಲಿ ಹಾಕಿ, ಸಾಧ್ಯ ಆದ್ರೆ ಜೊತೆಗೆ ರಕ್ತನಾಳಗಳ ಒಂದು ಚಿತ್ರಾನೂ ಇರ್ಲಿ.

ಇಂತಿ,
ನಿಮ್ಮ ಓದುಗ