ಅಪ್ಪಾ, ಆ ವಿಡಿಯೋ ಮತ್ತೆ ನೋಡ್ಬೇಡಿ

ಅಪ್ಪ ಅಮ್ಮನಿಗೆ ನಮಸ್ಕಾರ. ನಾನು ಕೆನಡಾದ ಥಂಡರ್ ಬೇನಲ್ಲಿ ಆರಾಮಾಗಿದ್ದೀನಿ. ಅಪ್ಪಾ, ನಿಮ್ಮ ಬಿಪಿ 170 ಆಗಿದೆಯಂತೆ, ರಾತ್ರಿ ನಿದ್ದೆ ಇಲ್ವಂತೆ, ಎಲ್ಲ ಆ ಬ್ರೆಜಿಲ್ ವಿಮಾನ ಗಿರಗಿರ ತಿರುಗಿ ಬಿದ್ದ ವಿಡಿಯೋ ನೋಡಿದ್ಮೇಲೆ ಅಂತ ಅಮ್ಮ ಬರೆದಿದ್ದಾಳೆ. ಚಿಕ್ಕಪ್ಪನಿಗೆ ಹೇಳಿ, ಅಂಥದ್ದೆಲ್ಲ ನಿಮಗೆ ಕಳಿಸೋದು ಬೇಡ.

ಐಸ್ ಕಟ್ಟಿ ನನ್ನ ವಿಮಾನಾನೂ ಹಾಗೇ ಬೀಳತ್ತೇನೋ ಅಂತ ನಿಮ್ಮ ಭಯ. ನಾನು ಟೊರಾಂಟೊಗೆ ಓಡಾಡೋದೂ ಹೊರಗೆ ಫ್ಯಾನ್ ಇರೋ ವಿಮಾನದಲ್ಲೇ, ಡ್ಯಾಶ್ 8 ಅಂತ, ಕೆನಡಾದವರೇ ಮಾಡಿದ್ದು, ನೀವು ಮೈಸೂರಿಂದ ಚೆನ್ನೈಗೆ ಹೋದ್ರಲ್ಲ ಆ ಜಾತೀದೇ. ಅದಕ್ಕೆ ಜೆಟ್‌ಗಿಂತ ಐಸ್ ಕಾಟ ಜಾಸ್ತಿ ಅನ್ನೋದು ನಿಜ. ಜೆಟ್ಟು ಬೇಗ 35 ಸಾವಿರ ಅಡಿಗೆ ಏರ್ಬಿಡತ್ತೆ, ಇದು 20-25 ಸಾವಿರದಲ್ಲೇ ಹೋಗೋದು, ಸೊನ್ನೆ ಡಿಗ್ರಿಗಿಂತ ತಣ್ಣಗಾಗಿದ್ರೂ ಹೆಪ್ಪುಗಟ್ಟದೆ ನೀರಾಗೇ ಇರೋ ಹನಿ ಜಾಸ್ತಿ ಸಿಗೋದು ಕೆಳಗಿನ ಮೋಡದಲ್ಲೇ, ರೆಕ್ಕೆಗೆ ತಾಗಿದ್ರೆ ಅಲ್ಲೇ ಐಸು. ಜೆಟ್‌ನಲ್ಲಿ ಇಂಜಿನ್ನಿನ ಬಿಸಿಗಾಳೀನೇ ರೆಕ್ಕೆ ಅಂಚಿಗೆ ಹಾಯಿಸ್ತಾರೆ, ಇದರಲ್ಲಿ ಅಷ್ಟು ಬಿಸಿಗಾಳಿ ಮಿಗಲ್ಲ, ಅದಕ್ಕೆ ಅಂಚಿಗೆ ಕಪ್ಪು ರಬ್ಬರ್ ಹೊದಿಸಿರ್ತಾರೆ, ಸೈಕಲ್ ಟ್ಯೂಬ್ ಥರ ಗಾಳಿ ತುಂಬಿ ಉಬ್ಬಿದಾಗ ಐಸ್ ಒಡೆದು ಹಾರಿಹೋಗತ್ತೆ. ಫ್ಯಾನಿನ ರೆಕ್ಕೆಗೆ ಕರೆಂಟಲ್ಲಿ ಕಾಯಿಸ್ತಾರೆ, ಅಲ್ಲಿಂದ ಕಿತ್ತ ಐಸ್ ಚೂರು ವಿಮಾನದ ಮೈಗೆ ಬಡಿದು ಮುಂದಿನ ಸೀಟಿನವರಿಗೆ ಟಪ್ ಟಪ್ ಅಂತ ಕೇಳತ್ತೆ, ಇಲ್ಲಿಯವರು ತಲೆ ಎತ್ತಿಯೂ ನೋಡಲ್ಲ, ಅಲ್ಲಿ ದಪ್ಪ ತಗಡು ಹಾಕಿರ್ತಾರೆ.

1994ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಎಟಿಆರ್ 72 ಅನ್ನೋ ಇಂಥದ್ದೇ ಫ್ಯಾನ್ ವಿಮಾನ ಬಿದ್ದು 68 ಜನ ಸತ್ರು, ಐಸು ಆ ರಬ್ಬರಿನ ಹಿಂದೆ ಕಟ್ಟಿತ್ತು. ಆಮೇಲೆ ಎಟಿಆರ್‌ಗೆ ರಬ್ಬರ್ ಅಗಲ ಮಾಡಿದ್ರು, ತಾಗಿದ್ರೆ ಐಸಾಗೋ ಅಂಥ ಮಳೆಹನಿ ಸಿಕ್ಕಿದ್ರೆ ತಕ್ಷಣ ವಿಮಾನಾನ ಆ ಜಾಗದಿಂದ ಹೊರಗೆ ತನ್ನಿ ಅಂತ ಪೈಲಟ್‌ಗಳಿಗೆ ಕಲಿಸ್ತಾರೆ. ಜೆಟ್‌ನಲ್ಲೇ ಹೋಗು ಅಂತೀರಲ್ಲ, 1989ರಲ್ಲಿ ನಮ್ಮ ಥಂಡರ್ ಬೇಯಿಂದ ಹೊರಟ ಜೆಟ್ಟೇ ಡ್ರೈಡನ್‌ನಲ್ಲಿ ಇಳಿದು, ರೆಕ್ಕೆ ಮೇಲಿನ ಹಿಮ ತೆಗೀದೆ ಮತ್ತೆ ಹಾರೋಕೆ ಹೋಗಿ ಬಿತ್ತು, 24 ಜನ ಹೋದ್ರು. ಅಂದ್ರೆ ಯಾವ ವಿಮಾನ ಆದ್ರೂ ರೆಕ್ಕೆ ಸ್ವಚ್ಛ ಇರ್ಬೇಕು. ಅದಾದ್ಮೇಲೆ ಇಲ್ಲಿ ನಿಯಮ ಬಹಳ ಬಿಗಿ. ಹಿಮ ಬಿದ್ದ ದಿನ ಮೊದಲು ಬಿಸಿ ಕಿತ್ತಳೆ ಬಣ್ಣದ ದ್ರಾವಣ, ಆಮೇಲೆ ಗಟ್ಟಿ ಹಸಿರು ದ್ರಾವಣ, ಲಾರಿ ಮೇಲೆ ನಿಂತು ಹೊಡೀತಾರೆ, ಇಂತಿಷ್ಟು ಹೊತ್ತಲ್ಲಿ ಹಾರದಿದ್ರೆ ಮತ್ತೆ ಮೊದಲಿಂದ. ಲೇಟಾದ್ರೆ ಒಬ್ರೂ ಗಲಾಟೆ ಮಾಡಲ್ಲ, ನೋಡೋಕೇ ಖುಷಿ.

ನನಗೇನೂ ಆಗಲ್ಲ ಅಪ್ಪಾ, ಖಂಡಿತ ಏನೂ ಆಗಲ್ಲ. ವಿಮಾನ ಇಳಿದ ತಕ್ಷಣ ಪ್ರತಿ ಸಲ ಫೋನ್ ಮಾಡ್ತೀನಿ. ನನಗೆ ಭಯ ಇರೋದು ನಿಮ್ಮ ಬಿಪಿದು. ಸೋಮವಾರಾನೇ ಡಾಕ್ಟರ್ ಹತ್ರ ಹೋಗಿ, ಮಾತ್ರೆ ತಪ್ಪಿಸ್ಬೇಡಿ. ಅಮ್ಮಾ, ಉಪ್ಪಿನಕಾಯಿ ಜಾಡಿ ಬಚ್ಚಿಡು. ದುಡ್ಡು ಹಾಕಿದ್ದೀನಿ. ಶಿಫ್ಟಿಗೆ ಹೊತ್ತಾಯ್ತು, ಅಜ್ಜಿಗೆ ನಮಸ್ಕಾರ ಹೇಳಿ.

ನಿಮ್ಮ ಪುಟ್ಟಿ